ಸ್ಲರಿಗೂ ಒಂದು ಮುಚ್ಚಳ ಬೇಕು

ಜರ್ಮನಿಯಲ್ಲಿದ್ದೇನೆ ಎಂದ ಕೂಡಲೇ ಶಿರಸಿ ಕಡೆಯ ನೆಂಟರು ಕೇಳುತ್ತಾರೆ: ‘ಅಲ್ಲಿ ಸಗಣಿಯಿಂದ ಕರೆಂಟು ಮಾಡುತ್ತಾರಂತಲ್ಲ, ನಮ್ಮಲ್ಲಿ ಯಾಕೆ ಆಗುವುದಿಲ್ಲ?’ ಮಾಡುವುದೇನೋ ನಿಜ, ಆದರೆ ಬರೀ ಸಗಣಿಯಿಂದಲ್ಲ. ನಾನಿರುವ ಲೋವರ್ ಸ್ಯಾಕ್ಸನಿಯಲ್ಲಿ ಗ್ಯಾಸ್ ಸ್ಥಾವರದ ಪಕ್ಕದಲ್ಲಿ ಉದ್ದನೆಯ ದಿಬ್ಬವೊಂದು ಕಾಣುತ್ತದೆ. ಮೇಲೆ ಪ್ಲಾಸ್ಟಿಕ್ ಹೊದಿಕೆ, ಅದು ಗಾಳಿಗೆ ಹಾರದಂತೆ ಹಳೆಯ ಟಯರುಗಳು. ಒಳಗೆ ದಂಟು, ತೆನೆ ಸಮೇತ ಕತ್ತರಿಸಿ ಹುಳಿಬರಿಸಿದ ಮೆಕ್ಕೆಜೋಳ! ಸಗಣಿಯ ಜೊತೆ ಅದೂ ಕೊಳೆತು ಗ್ಯಾಸಾಗುತ್ತದೆ, ಆ ಗ್ಯಾಸಿನಿಂದ ಕರೆಂಟು.

ಜರ್ಮನಿಯ 2000ದ ನವೀಕರಿಸಬಹುದಾದ ಇಂಧನ ಕಾನೂನು ಇಂಥ ವಿದ್ಯುತ್ತಿಗೆ 20 ವರ್ಷ ನಿಗದಿತ ದರ ಕೊಟ್ಟಿತು. 2004ರಲ್ಲಿ, ಬೆಳೆಯನ್ನೇ ಬೆಳೆದು ಸ್ಥಾವರಕ್ಕೆ ಹಾಕುವವರಿಗೆ ಇನ್ನಷ್ಟು ಸಿಕ್ಕಿತು. ರೈತ ಎಲ್ಲಿಯವನಾದರೂ ರೈತನೇ. ಹುಲ್ಲುಗಾವಲನ್ನು ಉತ್ತು ಮೆಕ್ಕೆಜೋಳ ಬಿತ್ತಿದ, ಭೂಮಿಯ ಗುತ್ತಿಗೆ ದರ ಏರಿತು. 2012ರಲ್ಲಿ ಸರ್ಕಾರವೇ ಹೊಸ ಸ್ಥಾವರಗಳಿಗೆ ಹಾಕುವುದರಲ್ಲಿ ಮೆಕ್ಕೆಜೋಳ ಮತ್ತು ಧಾನ್ಯದ ಕಾಳು ಶೇ 60 ಮೀರಬಾರದೆಂದು ಕಡಿವಾಣ ಹಾಕಬೇಕಾಯಿತು. ಕೊಟ್ಟಿಗೆಯ ಸಗಣಿಯ ಗ್ಯಾಸಿನಲ್ಲೇ ಒಲೆ ಉರಿಸುವ ಶಿರಸಿಯವರು ಈ ವಿಷಯದಲ್ಲಿ ಯಾರಿಂದಲೂ ಪಾಠ ಕಲಿಯಬೇಕಿಲ್ಲ.

ಕಲಿಯಬೇಕಾದದ್ದು ಸ್ಲರಿಯ, ಅಂದರೆ ಗ್ಯಾಸ್ ಬಿಟ್ಟ ಮೇಲೆ ಉಳಿಯುವ ಸಗಣಿ ರಾಡಿಯ ವಿಚಾರದಲ್ಲಿ. ಗಾಳಿಯಾಡದ ಗುಂಡಿಯಲ್ಲಿ ಸೂಕ್ಷ್ಮಾಣುಗಳು ಸಗಣಿಯ ಇಂಗಾಲದ ಒಂದು ಪಾಲನ್ನು ಗ್ಯಾಸ್ ಮಾಡುತ್ತವೆ. ಸಾರಜನಕ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ. ಅದರಲ್ಲಿ ದೊಡ್ಡ ಭಾಗ ಬೇರು ಬೇಗ ಹೀರುವ ಅಮೋನಿಯಂ ರೂಪಕ್ಕೆ ತಿರುಗುತ್ತದೆ. ಬಿಸಿಲಿಗೆ ಬಿಟ್ಟರೆ ಅಷ್ಟೇ ಬೇಗ ಅಮೋನಿಯಾ ಆಗಿ ಹಾರಿಹೋಗುತ್ತದೆ. ನಮ್ಮಲ್ಲಿ ಗ್ಯಾಸಿಗೆ ಡ್ರಮ್ಮು, ಕೊಳವೆ, ಸಹಾಯಧನ ಎಲ್ಲವೂ ಉಂಟು. ಹೊರಬಂದ ಸ್ಲರಿಗೆ ಎಷ್ಟೋ ಮನೆಗಳಲ್ಲಿ ತೆರೆದ ಗುಂಡಿಯೇ ಗತಿ. ಒಣಗಿದ ಮೇಲೆ ಬುಟ್ಟಿ ತುಂಬಿ ಅಡಿಕೆ ಬುಡಕ್ಕೆ ಹಾಕುತ್ತೇವೆ, ಸಾರಜನಕದ ದೊಡ್ಡ ಪಾಲು ಹಾರಿಹೋದ ಮೇಲೆ.

ಇಲ್ಲಿ ಅದೇ ದ್ರವವನ್ನು ತಿಂಗಳುಗಟ್ಟಲೆ ತೊಟ್ಟಿಯಲ್ಲಿ ಕಾಪಾಡುತ್ತಾರೆ. ನವೆಂಬರಿನಿಂದ ಜನವರಿ ಕೊನೆಯವರೆಗೆ ಹುಲ್ಲುಗಾವಲಿಗೂ ಬಿಡುವಂತಿಲ್ಲ, ನೆಲ ನಿದ್ರಿಸುವಾಗ ಉಣಿಸಿದ್ದು ಅಂತರ್ಜಲ ಸೇರುತ್ತದೆ. ವಸಂತ ಬಂದಾಗ ಟ್ಯಾಂಕರಿನ ಹಿಂದೆ ರೆಕ್ಕೆಯಂತೆ ಚಾಚಿದ ಸಲಾಕೆಯಿಂದ ಹತ್ತಾರು ರಬ್ಬರ್ ಕೊಳವೆಗಳು ಜೋತಾಡುತ್ತ ನೆಲಕ್ಕೆ ತಾಗಿಸಿಯೇ ಸುರಿಯುತ್ತವೆ. ಮೇಲಕ್ಕೆ ಎರಚುವ ಹಳೆಯ ಪದ್ಧತಿಗೆ ಬೆಳೆ ಬಿತ್ತಿದ ಹೊಲಗಳಲ್ಲಿ 2020ರಿಂದಲೇ ತಡೆ ಬಿದ್ದಿದೆ. ವಾಸನೆಯಂತೂ ಇದ್ದೇ ಇದೆ, ಅದನ್ನು ಮುಚ್ಚಿಡುವುದಿಲ್ಲ. ನಮ್ಮ ತೋಟಕ್ಕೆ ಟ್ಯಾಂಕರು ಬೇಡ. ಸ್ಲರಿ ಗುಂಡಿಗೆ ನೆರಳು, ಮುಚ್ಚಳ, ಬುಡದವರೆಗೆ ಒಂದು ಪೈಪು ಸಾಕು. ಮಳೆಗಾಲದಲ್ಲಿ ಹರಿಯಬಿಡದೆ ಸೊಪ್ಪು, ದರಕಿನ (ಒಣಗಿದ ಎಲೆ) ಜೊತೆ ಗೊಬ್ಬರಗುಂಡಿಗೆ ಸೇರಿಸಿದರೆ ಇನ್ನೂ ಒಳ್ಳೆಯದು.

ಕಷ್ಟವಿರುವುದು ಬೇರೆ ಕಡೆ. ಎರಡು ಘನ ಮೀಟರಿನ ಸ್ಥಾವರಕ್ಕೆ ದಿನಕ್ಕೆ ಸುಮಾರು 50 ಕೆ.ಜಿ. ಸಗಣಿ ಬೇಕು. ಒಂದೆರಡು ದನಗಳಿಗೆ ಇಳಿದ ಮನೆಯವರು ಅದನ್ನು ಎಲ್ಲಿಂದ ತರಬೇಕು? ಅಂಥವರಿಗೆ ಜರ್ಮನಿಗಿಂತ ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯೇ ಹತ್ತಿರ. ಭಾರತೀಯ ವಿಜ್ಞಾನ ಸಂಸ್ಥೆಯ ಆಸರೆಯಲ್ಲಿ 1980ರ ದಶಕದಲ್ಲೇ ಆ ಹಳ್ಳಿಯಲ್ಲಿ ಮನೆಮನೆಯ ಸಗಣಿ ಒಂದೇ ಸ್ಥಾವರಕ್ಕೆ ಬಂತು, ಅದರ ಗ್ಯಾಸಿನಿಂದ ದೀಪ ಉರಿಯಿತು, ಕೊಳವೆಬಾವಿಯ ನೀರು ಮೇಲೆ ಬಂತು, ಸ್ಲರಿ ಸಗಣಿ ಕೊಟ್ಟ ಮನೆಗಳಿಗೇ ಮರಳಿತು. ಊರೂರಿಗೆ ದೊಡ್ಡ ಗ್ಯಾಸ್ ಘಟಕದ ಯೋಜನೆ ಹಿಡಿದು ಬರುವವರನ್ನು ರೈತರು ಮೊದಲು ಕೇಳಬೇಕಾದದ್ದು ಇದನ್ನೇ: ಸ್ಲರಿ ಯಾರ ತೋಟಕ್ಕೆ, ಯಾರ ಖರ್ಚಿನಲ್ಲಿ?