ಯಾವ ಫೋನ್ ತಗೊಳ್ಳಲಿ?

ಪ್ರತಿ ಗೆಳೆಯರ ಗುಂಪಿನಲ್ಲೂ ಒಬ್ಬನಿಗೆ ಈ ಪಟ್ಟ ಕಟ್ಟಿರುತ್ತಾರೆ. ‘ಅವನನ್ನ ಕೇಳು, ಅವನಿಗೆ ಇದೆಲ್ಲ ಗೊತ್ತು.’ ನಮ್ಮ ಗುಂಪಿನಲ್ಲಿ ಅದು ನಾನು. ಯಾವಾಗಲೋ ಯಾರದೋ ಮನೆಯಲ್ಲಿ ವೈಫೈ ಕೈಕೊಟ್ಟಾಗ ರೂಟರ್ ಆಫ್ ಮಾಡಿ ಮತ್ತೆ ಆನ್ ಮಾಡಿದ್ದೆ. ಸರಿಹೋಯಿತು. ಅಷ್ಟಕ್ಕೇ ತಜ್ಞನಾಗಿಬಿಟ್ಟೆ.

ಕೇಳುವುದು ಹೆಚ್ಚಾಗಿ ಒಂದೇ ಪ್ರಶ್ನೆ. ‘ಯಾವ ಫೋನ್ ತಗೊಳ್ಳಲಿ? ಒಂದೇ ಮಾತಲ್ಲಿ ಹೇಳಿಬಿಡು.’ ನಾನು ‘ಏನಕ್ಕೆ ಬೇಕು?’ ಅಂತ ಕೇಳಿದರೆ ‘ಎಲ್ಲದಕ್ಕೂ’ ಅನ್ನುತ್ತಾರೆ. ‘ಬಜೆಟ್ ಎಷ್ಟು?’ ಅಂದರೆ ‘ಅದರ ಯೋಚನೆ ಬಿಡು, ಒಳ್ಳೇದು ಹೇಳು.’ ಸರಿ ಅಂತ ಒಂದು ಹೆಸರು ಹೇಳುತ್ತೇನೆ. ‘ಅಯ್ಯೋ, ಫೋನಿಗೆ ಅಷ್ಟೊಂದಾ?’

ಆಮೇಲೆ ಶುರುವಾಗುತ್ತದೆ ಮೆಗಾಪಿಕ್ಸೆಲ್ ಪುರಾಣ. ‘ಇದರಲ್ಲಿ 108 ಇದೆ, ನೀನು ಹೇಳಿದ್ದರಲ್ಲಿ ಬರೀ 50.’ 108 ಮೆಗಾಪಿಕ್ಸೆಲ್ ಅಂದರೆ 10.8 ಕೋಟಿ ಚುಕ್ಕಿಗಳು, ನಿಜ. ಆದರೆ ಅಷ್ಟನ್ನೂ ಉಗುರಿನಷ್ಟು ಜಾಗದಲ್ಲಿ ತುರುಕಿರುತ್ತಾರೆ. ಒಂದೊಂದು ಚುಕ್ಕಿಗೂ ಸಿಗುವ ಬೆಳಕು ಎಷ್ಟು ಮಹಾ? ಅದಕ್ಕೇ ಇಂಥ ಎಷ್ಟೋ ಫೋನುಗಳು ಒಂಬತ್ತು ಚುಕ್ಕಿಗಳನ್ನು ಸೇರಿಸಿ ಒಂದು ಮಾಡಿಕೊಳ್ಳುತ್ತವೆ. ನಾವು ಸುಮ್ನೆ ಕ್ಯಾಮೆರಾ ತೆರೆದು ಕ್ಲಿಕ್ ಮಾಡಿದರೆ ಕೈಗೆ ಬರುವುದು 12 ಮೆಗಾಪಿಕ್ಸೆಲ್ ಫೋಟೋ. ಅದನ್ನು ವಾಟ್ಸಾಪ್‌ನಲ್ಲಿ ಕಳಿಸುತ್ತೇವೆ. ಅದು ಇನ್ನೂ ಒಂದಷ್ಟು ಹಿಂಡಿ, ಚಿಕ್ಕದು ಮಾಡಿ ಆ ಕಡೆಗೆ ದಾಟಿಸುತ್ತದೆ. ಇಷ್ಟನ್ನೂ ನಾನು ಬಿಡಿಸಿ ಹೇಳುತ್ತೇನೆ. ಎದುರಿನವರು ತಲೆದೂಗುತ್ತಾರೆ. ಎಲ್ಲ ಕೇಳಿದ ಮೇಲೆ, ‘ಆದ್ರೂ 108 ಜಾಸ್ತಿ ಅಲ್ವಾ?’

ಜಾಸ್ತಿಯೇ. ಇಲ್ಲ ಅಂತ ಹೇಗೆ ಹೇಳಲಿ!

ಒಂದು ಗುಟ್ಟು ಹೇಳುತ್ತೇನೆ. ಕೇಳಲು ಬರುವವರಲ್ಲಿ ಬಹಳ ಮಂದಿ ಯಾವುದು ಕೊಳ್ಳಬೇಕೆಂದು ಮೊದಲೇ ತೀರ್ಮಾನ ಮಾಡಿರುತ್ತಾರೆ. ಬಣ್ಣ ಕೂಡ ಆರಿಸಿ ಆಗಿರುತ್ತದೆ. ಅವರಿಗೆ ಬೇಕಾದದ್ದು ಹೂಂ ಅನ್ನುವ ಒಬ್ಬ ಮನುಷ್ಯ. ನಾಳೆ ಫೋನ್ ಬಿಸಿಯಾದರೆ, ಹ್ಯಾಂಗ್ ಆದರೆ, ಮನೆಯವರು ಬೈದರೆ, ‘ಅವನೇ ಹೇಳಿದ್ದು’ ಅಂತ ಬೆರಳು ತೋರಿಸಲು ಒಂದು ತಲೆ ಬೇಕಲ್ಲ. ಮಾತಿನ ನಡುವೆ ಒಂದೇ ಮಾಡೆಲ್ಲಿನ ಹೆಸರು ಮತ್ತೆ ಮತ್ತೆ ಬಂತು ಅಂದರೆ ನನಗೆ ಅರ್ಥವಾಗುತ್ತದೆ. ‘ತಗೋ, ಚೆನ್ನಾಗಿದೆ’ ಅನ್ನುತ್ತೇನೆ. ಇದೇನೂ ಸುಳ್ಳಲ್ಲ. ಒಂದೇ ಬೆಲೆಯ ಆಸುಪಾಸಿನ ಫೋನುಗಳಲ್ಲಿ ಈಗ ಅಂಥಾ ವ್ಯತ್ಯಾಸ ಉಳಿದಿಲ್ಲ. ಒಂದು ವಿಷಯಕ್ಕೆ ಮಾತ್ರ ಪಟ್ಟು ಹಿಡಿಯುತ್ತೇನೆ. ಸೆಕ್ಯುರಿಟಿ ಅಪ್‌ಡೇಟ್ ಎಷ್ಟು ವರ್ಷ ಕೊಡುತ್ತಾರೆ ಅಂತ ನೋಡು ಮಾರಾಯ, ಬ್ಯಾಂಕಿನ ಆ್ಯಪ್ ಅದರಲ್ಲೇ ಇರುತ್ತದೆ ಅಂತ. ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಡಬ್ಬಿಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿರುವುದಿಲ್ಲವಲ್ಲ.

ಕೊಂಡ ಮೇಲಿನ ಕಥೆ ಬೇರೆ. ಕಂಪನಿಯ ವಾರಂಟಿಗೆ ಒಂದು ಅವಧಿ ಇರುತ್ತದೆ. ನನ್ನದಕ್ಕೆ ಇಲ್ಲ. ಒಬ್ಬ ಗೆಳೆಯ 1 ಟಿಬಿ ಹಾರ್ಡ್ ಡಿಸ್ಕ್ ತಂದು ಲ್ಯಾಪ್‌ಟಾಪಿಗೆ ಸಿಕ್ಕಿಸಿದ. ವಿಂಡೋಸ್ 931 ಜಿಬಿ ಅಂತ ತೋರಿಸಿತು. ತಕ್ಷಣ ನನಗೆ ಫೋನ್. ‘ಮೋಸ ಆಗೋಯ್ತು ಗುರು, 69 ಎಲ್ಲಿ ಹೋಯ್ತು?’ ಎಲ್ಲೂ ಹೋಗಿಲ್ಲ ಕಣೋ, ಡಿಸ್ಕ್ ಮಾಡುವವರು ಸಾವಿರ ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ, ಒಳಗಿರುವುದು ಅದೇ ಲಕ್ಷ ಕೋಟಿ ಬೈಟ್ ಅಂದೆ. ಕಾಗದದ ಮೇಲೆ ಭಾಗಾಕಾರ ಮಾಡಿ ಫೋಟೋ ತೆಗೆದು ಕಳಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ‘ಹಾಗಾದ್ರೆ 1024ರ ಲೆಕ್ಕದಲ್ಲಿ ಎಣಿಸೋ ಕಂಪನೀದು ಯಾವುದಿದೆ ಹೇಳು, ಅದನ್ನೇ ತಗೋತೀನಿ.’ ಆ 69 ಎಲ್ಲೋ ನನ್ನ ಹತ್ತಿರವೇ ಇದೆ ಅನ್ನುವ ಅನುಮಾನ ಅವನಿಗೆ ಇವತ್ತಿಗೂ ಹೋಗಿಲ್ಲ.

ಕೇಬಲ್ಲಿನದು ಇನ್ನೊಂದು ತಲೆನೋವು. ಯುಎಸ್‌ಬಿ-ಸಿ ಬಂದ ಮೇಲೆ ಎಲ್ಲ ಕೇಬಲ್ಲುಗಳ ಮೂತಿಯೂ ಒಂದೇ ಆಯಿತು. ಗುಣ ಒಂದೇ ಆಗಲಿಲ್ಲ. ಒಂದು ಕೇಬಲ್ ಸೆಕೆಂಡಿಗೆ 480 ಮೆಗಾಬಿಟ್ ಸಾಗಿಸಿದರೆ, ಅದರ ಪಕ್ಕದಲ್ಲೇ ಬಿದ್ದಿರುವ ಇನ್ನೊಂದು 40 ಗಿಗಾಬಿಟ್ ಸಾಗಿಸುತ್ತದೆ. ನೋಡಿದರೆ ಅವಳಿ ಜವಳಿ. ಫೋನಿನ ಡಬ್ಬಿಯಲ್ಲಿ ಬರುವುದು ಸಾಮಾನ್ಯವಾಗಿ ಮೊದಲನೆಯದು. ವೀಡಿಯೋ ಕಾಪಿ ಆಗಲು ಗಂಟೆಗಟ್ಟಲೆ ಹಿಡಿದರೆ ಬೈಸಿಕೊಳ್ಳುವವನು ನಾನು.

ಆದರೆ ಕೇಳಬೇಕಾದ್ದನ್ನು ಸರಿಯಾಗಿ ಕೇಳುವವರೂ ಇದ್ದಾರೆ. ಗೆಳೆಯನೊಬ್ಬನ ಅಮ್ಮ ಒಂದು ದಿನ ಹೇಳಿದರು, ‘ಅಕ್ಷರ ದೊಡ್ಡದಾಗಿ ಕಾಣಬೇಕಪ್ಪ. ಸಾಯಂಕಾಲದವರೆಗೆ ಚಾರ್ಜ್ ನಿಲ್ಲಬೇಕು. ಅಂಥದ್ದೊಂದು ಹೇಳು.’ ಎರಡೇ ಮಾತು, ಎಂಥಾ ಸ್ಪಷ್ಟ! ಅವರ ಫೋನನ್ನೇ ಇಸಕೊಂಡು ಸೆಟ್ಟಿಂಗ್ಸ್‌ಗೆ ಹೋಗಿ ಅಕ್ಷರ ದೊಡ್ಡದು ಮಾಡಿದೆ. ಬ್ಯಾಟರಿ ಮಾತ್ರ ನಿಜಕ್ಕೂ ಸೋತಿತ್ತು. ಲಿಥಿಯಂ ಬ್ಯಾಟರಿಯ ಹಣೆಬರಹವೇ ಅದು, ಚಾರ್ಜ್ ಮಾಡಿದ ಹಾಗೆಲ್ಲ ಸ್ವಲ್ಪ ಸ್ವಲ್ಪ ಸವೆಯುತ್ತದೆ. ಅದೊಂದನ್ನು ಬದಲಾಯಿಸಿ, ಹೊಸ ಫೋನೇ ಬೇಡ ಅಂದೆ. ಹಾಗೇ ಮಾಡಿಸಿಕೊಂಡರು. ಈಗ ಅವರು ಖುಷಿಯಾಗಿದ್ದಾರೆ.

ಅವರ ಮಗ ನನ್ನ ಜೊತೆ ಸರಿಯಾಗಿ ಮಾತಾಡುತ್ತಿಲ್ಲ. ತನ್ನ ಫೋನನ್ನು ಅಮ್ಮನಿಗೆ ದಾಟಿಸಿ ತಾನು ಹೊಸದು ಕೊಳ್ಳುವ ಯೋಚನೆ ಅವನಿಗಿತ್ತಂತೆ. ಬಣ್ಣವನ್ನೂ ಆರಿಸಿದ್ದನಂತೆ.