ಆಮೇಲೆ ಆ ಹುಡುಗ ಏನಾದ?

ಒಂಬತ್ತನೇ ಕ್ಲಾಸಿನಲ್ಲಿ ನಾನೊಂದು ಕಾದಂಬರಿ ಬರೆಯುತ್ತಿದ್ದೆ. ನಗಬೇಡಿ. ಇನ್ನೂರು ಪುಟದ ಲಾಂಗ್ ನೋಟ್‌ಬುಕ್. ಮುಂದಿನಿಂದ ಸಮಾಜ ವಿಜ್ಞಾನ, ಹಿಂದಿನಿಂದ ಕಾದಂಬರಿ. ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಲೋಡಿಂಗ್ ಮಾಡುವ ಹುಡುಗ, ಅದೇ ಮಂಡಿ ಯಜಮಾನನ ಮಗ. ಇಬ್ಬರೂ ಒಂದೇ ಕ್ಲಾಸು. ಒಂದು ದಿನ ಗಲ್ಲಾಪೆಟ್ಟಿಗೆಯ ದುಡ್ಡು ಕಾಣೆಯಾಗುತ್ತದೆ. ಅಲ್ಲಿಗೆ ನಲವತ್ತು ಪುಟ ಆಗಿತ್ತು.

ಪರೀಕ್ಷೆ ಮುಗಿದ ಮೇಲೆ ಅಪ್ಪ ಹಳೇ ನೋಟ್‌ಬುಕ್‌ಗಳನ್ನೆಲ್ಲ ಅಂಗಡಿಗೆ ಒಯ್ದರು. ನಮ್ಮದು ಚಿಲ್ಲರೆ ಅಂಗಡಿ. ನನ್ನ ಕಾದಂಬರಿಯಲ್ಲಿ ಬೆಲ್ಲ, ಕಡಲೆಬೇಳೆ, ಒಣಮೆಣಸಿನಕಾಯಿ ಕಟ್ಟಿಸಿಕೊಂಡು ಜನ ಮನೆಗೆ ಹೋದರು. ಎರಡು ದಿನ ಬಿಟ್ಟು ಎದುರು ಮನೆ ಅಕ್ಕ ಸಿಕ್ಕಿ, "ಆ ಪಿಲ್ಲೋಡು ಡಬ್ಬು ತೀಸಿನಾಡಾ ಲೇದಾ?" ಅಂದರು. ಆ ಹುಡುಗ ದುಡ್ಡು ತೆಗೆದನೋ ಇಲ್ಲವೋ ಅಂತ. ಬೆಲ್ಲದ ಜಿಗುಟು ಅಂಟಿದ ಹಾಳೆ ಅವರ ಕೈಯಲ್ಲೇ ಇತ್ತು. ನನಗೂ ಗೊತ್ತಿರಲಿಲ್ಲ. ಬರೆದಿದ್ದರೆ ತಾನೆ!

ಇದೆಲ್ಲ ಈಗ ನೆನಪಾಗಲು ಕಾರಣ ನನ್ನ ಸ್ವಂತ ಅಕ್ಕನ ಮಗ. ಕೋಲಾರದಲ್ಲಿ ಓದುತ್ತಾನೆ. ಅವನ ಬ್ಯಾಗಿನಲ್ಲಿ ಎಸ್.ಇ. ಹಿಂಟನ್ ಅವರ 'ದಿ ಔಟ್‌ಸೈಡರ್ಸ್' ಅನ್ನೋ ಇಂಗ್ಲಿಷ್ ಕಾದಂಬರಿ ಇತ್ತು. ಸುಮ್ನೆ ತೆಗೆದು ನೋಡಿದವಳು ಎರಡು ರಾತ್ರಿಯಲ್ಲಿ ಮುಗಿಸಿದೆ. ಆಮೇಲೆ ಬರೆದಾಕೆಯ ಕಥೆ ಹುಡುಕಿ ಓದಿದೆ. ಹೊಟ್ಟೆ ಉರಿಯಿತು ಅಂತ ಒಪ್ಪಿಕೊಂಡು ಬಿಡುತ್ತೇನೆ.

ಹುಟ್ಟಿದ್ದು 1948ರಲ್ಲಿ, ಅಮೆರಿಕದ ಓಕ್ಲಹೋಮಾ ರಾಜ್ಯದ ಟಲ್ಸಾ ಊರಲ್ಲಿ. ಹೈಸ್ಕೂಲಿನಲ್ಲಿ ಬಡ ಹುಡುಗರದ್ದೊಂದು ಗುಂಪು, ದುಡ್ಡಿರುವವರದ್ದೊಂದು ಗುಂಪು, ಹೊಡೆದಾಟ. ಆ ವಯಸ್ಸಿನವರಿಗೆ ಅಂತ ಇದ್ದ ಪುಸ್ತಕಗಳಲ್ಲಿ ಇದ್ಯಾವುದೂ ಇರಲಿಲ್ಲ. ತಾನು ಓದಬೇಕು ಅಂದುಕೊಂಡ ಪುಸ್ತಕ ಸಿಗದಿದ್ದಕ್ಕೆ ಹದಿನೈದನೇ ವಯಸ್ಸಿಗೆ ತಾನೇ ಬರೆಯಲು ಕೂತಳು. ಅದೇ ಹೊತ್ತಿಗೆ ಅಪ್ಪನಿಗೆ ಮೆದುಳಿನಲ್ಲಿ ಗೆಡ್ಡೆ. ಅವರು ತೀರಿಕೊಂಡರು. ಅವಳು ಬರೆಯುತ್ತಲೇ ಇದ್ದಳು. ಆ ವರ್ಷ ಸ್ಕೂಲಿನಲ್ಲಿ ಕಥೆ ಬರೆಯುವ ವಿಷಯದಲ್ಲೇ ಅವಳಿಗೆ ಸಿಕ್ಕ ಗ್ರೇಡು 'ಡಿ'. ಇದನ್ನು ಓದಿ ನಾನು ಜೋರಾಗಿ ನಕ್ಕೆ.

1967ರಲ್ಲಿ ಪುಸ್ತಕ ಬಂತು. ಆಗ ಅವಳಿಗೆ ಹದಿನೆಂಟು. ಹೆಸರು ಸೂಸನ್. ಹುಡುಗರ ಹೊಡೆದಾಟದ ಕಥೆಯನ್ನು ಹುಡುಗಿ ಬರೆದಳು ಅಂದರೆ ವಿಮರ್ಶಕರು ಮೂಗು ಮುರಿಯುತ್ತಾರೆ ಅಂತ ಪ್ರಕಾಶಕರು ಬರೀ ಇನಿಷಿಯಲ್ ಹಾಕಿಸಿದರು. (ನಮ್ಮ ಕಡೆ ಇನಿಷಿಯಲ್‌ಗೆ ಯಾವ ಗುಟ್ಟೂ ಇಲ್ಲ ಬಿಡಿ. ಮುಳಬಾಗಿಲಿನ ಗುಂಡಪ್ಪನವರನ್ನು ಡಿ.ವಿ.ಜಿ. ಅಂತಲೇ ಎಲ್ಲರೂ ಕರೆಯೋದು.) ಆ ಪುಸ್ತಕ ಇವತ್ತಿಗೆ ಒಂದು ಕೋಟಿಗೂ ಜಾಸ್ತಿ ಪ್ರತಿ ಮಾರಾಟವಾಗಿದೆ. ಹಾಲಿವುಡ್ ನಿರ್ದೇಶಕ ಕೊಪ್ಪೊಲ ಅದನ್ನು 1983ರಲ್ಲಿ ಸಿನಿಮಾ ಮಾಡಿದ್ದೂ ಕ್ಯಾಲಿಫೋರ್ನಿಯಾದ ಒಂದು ಸ್ಕೂಲಿನ ಮಕ್ಕಳು ಸಹಿ ಹಾಕಿ ಕಳಿಸಿದ ಪತ್ರದಿಂದ.

ಆದರೆ ನನಗೆ ಹಿಡಿಸಿದ್ದು ಅದರ ನಂತರದ ಭಾಗ. ಹೆಸರು ಬಂದದ್ದೇ ತಡ, ಕೈ ಕಟ್ಟಿಹೋಯಿತು. ವರ್ಷಗಟ್ಟಲೆ ಒಂದು ಸಾಲೂ ಬರೆಯಲಾಗಲಿಲ್ಲ. ಟೈಪ್‌ರೈಟರ್ ಕಂಡರೆ ಭಯ. ಆಗ ಅವಳ ಗೆಳೆಯ ಒಂದು ಕರಾರು ಹಾಕಿದ: ದಿನಕ್ಕೆ ಎರಡು ಪುಟ. ಬರೆಯದಿದ್ದರೆ ಅವತ್ತು ಸುತ್ತಾಟ ಇಲ್ಲ. ಎರಡೆರಡು ಪುಟ ಸೇರಿ 1971ರಲ್ಲಿ ಎರಡನೇ ಕಾದಂಬರಿಯಾಯಿತು. ಅಷ್ಟರಲ್ಲಿ ಅವನನ್ನೇ ಮದುವೆಯೂ ಆಗಿದ್ದಳು.

ಅದಕ್ಕೇ ನಮ್ಮಲ್ಲಿ 'ಬಾಲ ಪ್ರತಿಭೆ' ಅಂತ ಹನ್ನೆರಡು ವರ್ಷದ ಮಗುವಿಗೆ ಶಾಲು ಹೊದಿಸಿ, ಅಪ್ಪನ ದುಡ್ಡಲ್ಲಿ ಪುಸ್ತಕ ಮಾಡಿಸಿ, ಮೂವರು ಅತಿಥಿಗಳ ಕೈಲಿ ಭಾಷಣ ಮಾಡಿಸೋದು ಕಂಡರೆ ನನಗೆ ಆಗಲ್ಲ. ಬರೆಯುವ ಮಕ್ಕಳಿಗೆ ಬೇಕಾದ್ದು ಶಾಲು ಅಲ್ಲ. ಬೀಗ ಇರುವ ಒಂದು ಡ್ರಾಯರ್. ಹತ್ತನೇ ಕ್ಲಾಸು ಅಂದ ತಕ್ಷಣ ಕಿತ್ತುಕೊಳ್ಳದ ಒಂದು ಗಂಟೆ. "ಮೊದಲು ಓದು, ಬರೆಯೋದು ಆಮೇಲೆ ಇದ್ದೇ ಇದೆ" ಅಂತೀವಲ್ಲ, ಅದು ಸುಳ್ಳು. ಹದಿನೈದರ ಕಥೆ ಆಮೇಲೆ ಇರೋದಿಲ್ಲ.

ನಾನು ಪ್ರಯತ್ನಪಟ್ಟೇ ಹೇಳುತ್ತಿದ್ದೇನೆ. ಹೋದ ತಿಂಗಳು ಆ ಮಂಡಿ ಕಥೆಯನ್ನು ಮುಗಿಸೋಣ ಅಂತ ಕೂತೆ. ಗಲ್ಲಾಪೆಟ್ಟಿಗೆ ಬರೆಯಲು ಬಂತು. ಹಣ್ಣಿನ ಸೊನೆ ತಾಗಿ ಕೈ ಸುಟ್ಟಂತಾಗೋದು, ಹುಲ್ಲಿನ ವಾಸನೆ, ಕ್ರೇಟಿನ ಮೇಲೆ ಕೂತು ಲೆಕ್ಕ ಬರೆಯುವವರ ಬೈಗುಳ, ಎಲ್ಲ ಬಂತು. ಆದರೆ ಆ ಹುಡುಗರು ಬಾಯಿ ಬಿಟ್ಟರೆ ಇನ್ಶೂರೆನ್ಸ್ ಏಜೆಂಟರ ಥರ ಮಾತಾಡುತ್ತಾರೆ. ಒಬ್ಬ ಇನ್ನೊಬ್ಬನಿಗೆ ಬುದ್ಧಿ ಬೇರೆ ಹೇಳಿದ! ಮನೆಯಲ್ಲಿ ತೆಲುಗು, ಸ್ಕೂಲಲ್ಲಿ ಕನ್ನಡ, ಜಗಳಕ್ಕೆ ಎರಡೂ ಅನ್ನೋ ಆ ಭಾಷೆ ಆಗ ನನ್ನ ಬಾಯಲ್ಲೇ ಇತ್ತು. ಈಗ ಹುಡುಕಿದರೂ ಸಿಗುತ್ತಿಲ್ಲ. ನಾಲ್ಕು ಪುಟಕ್ಕೆ ಬಿಟ್ಟೆ.

ಅಕ್ಕನ ಮಗ ಫೋನಲ್ಲಿ ಏನೋ ಬರೆಯುತ್ತಾನೆ. ನಾನು ಹತ್ತಿರ ಹೋದರೆ ಸ್ಕ್ರೀನ್ ಆಫ್. ಕೇಳಿಲ್ಲ, ಕೇಳೋದೂ ಇಲ್ಲ. ಇಂಗ್ಲಿಷಲ್ಲೋ ಕನ್ನಡದಲ್ಲೋ ಗೊತ್ತಿಲ್ಲ. ಅಕ್ಕ ಮಾತ್ರ ಫೋನ್ ಕಿತ್ತಿಡಬೇಕು ಅಂತಿದ್ದಾಳೆ. ಅವಳಿಗೆ ಬೆಲ್ಲದ ಕಥೆ ಹೇಳಿದೆ. "ನೀನೇನು ದೊಡ್ಡ ಸಾಹಿತಿ ಆಗ್ತಿದ್ಯಾ?" ಅಂದಳು. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಒಂದು ಸಹಾಯ ಮಾಡಿ. ನಾನು ಹೋಗುವ ಗ್ರಂಥಾಲಯದಲ್ಲಿ ಮಕ್ಕಳ ಪುಸ್ತಕದ ಕಪಾಟು ಮುಗಿದರೆ ಪಕ್ಕದ್ದೇ ದೊಡ್ಡವರ ಕಾದಂಬರಿ. ನಡುವೆ ಏನೂ ಇಲ್ಲ. ಹದಿಮೂರರಿಂದ ಹದಿನೇಳರವರು ಕದ್ದು ಓದುವಂಥ, ನೀತಿ ಹೇಳದ ಕನ್ನಡ ಪುಸ್ತಕ ನಿಮಗೆ ಗೊತ್ತಿದ್ದರೆ ಹೆಸರು ಹಾಕಿ. ಮುಂದಿನ ವಾರ ಅವನ ಹುಟ್ಟುಹಬ್ಬ.