ಕುದುರೆ ಏರಿದವರಿಗೆ ಮುಖ ಕಾಣದು

ಚಿಕ್ಕಮಗಳೂರು ಜಿಲ್ಲೆಯ ಕುದುರೆಮುಖಕ್ಕೆ ಆ ಹೆಸರು ಬಂದದ್ದು ಪಡುವಣ ದಿಕ್ಕಿನಿಂದ, ಅಂದರೆ ಕರಾವಳಿಯ ಕಡೆಯಿಂದ, ನೋಡಿದವರಿಗೆ ಅದರ ಶಿಖರ ಕುದುರೆಯ ಮೋರೆಯಂತೆ ಕಾಣುವುದರಿಂದ. ನಮ್ಮಂತೆ ಕಳಸ, ಸಂಸೆ ದಾಟಿ ಬಂದು, ಅರಣ್ಯ ಇಲಾಖೆಯ ಅನುಮತಿ ಪತ್ರ ಹಿಡಿದು ಹತ್ತುವವರಿಗೆ ಕುದುರೆಯ ಬೆನ್ನೇ ಗತಿ. ಮಂಜು ಕವಿದ ದಿನವಾದರೆ ಅದೂ ಇಲ್ಲ. ಮುಂದೆ ನಡೆಯುವ ಗೈಡಿನ ಬೆನ್ನಷ್ಟೇ ಕಾಣುತ್ತದೆ. ಸುಮಾರು 1,890 ಮೀಟರ್ ಎತ್ತರದ ಶಿಖರ ಹತ್ತಿದ್ದಕ್ಕೆ ಒಂದು ಒಳ್ಳೆಯ ನೋಟವಾದರೂ ದಕ್ಕಬೇಕೆಂದು ಪೇಟೆಯಿಂದ ಬಂದವರು ಬಯಸುವುದು ಸಹಜ. ಆದರೆ ಇಲ್ಲಿ ನೋಡಬೇಕಾದದ್ದು ಮಂಜನ್ನೇ ಎಂಬುದು ನನ್ನ ಅಭಿಪ್ರಾಯ.

ಅರಬ್ಬೀ ಸಮುದ್ರದಿಂದ ತೇವ ಹೊತ್ತು ಬರುವ ಗಾಳಿ ಘಟ್ಟಕ್ಕೆ ತಾಗಿ ಮೇಲೇರುತ್ತದೆ, ಏರಿದಂತೆ ತಣಿಯುತ್ತದೆ, ತಣಿದಂತೆ ಅದರೊಳಗಿನ ಆವಿ ಹನಿಗಟ್ಟುತ್ತದೆ. ಬೋಳು ಹುಲ್ಲುಗಾವಲಿನಲ್ಲಿ ನಡೆಯುವಾಗ ಹುಬ್ಬು, ಮೀಸೆಗಳು ಒದ್ದೆಯಾಗುವುದನ್ನು ಬಿಟ್ಟರೆ ಮಳೆ ಎನ್ನುವಂಥದ್ದೇನೂ ಇರುವುದಿಲ್ಲ. ಎರಡು ಗುಡ್ಡಗಳ ಸಂದಿನಲ್ಲಿ ಬೆಳೆದ ಶೋಲಾ ಕಾಡಿನೊಳಗೆ ಕಾಲಿಟ್ಟೊಡನೆ ಮಾತ್ರ ತಲೆಯ ಮೇಲೆ ಟಪಟಪನೆ ನೀರು ಬೀಳತೊಡಗುತ್ತದೆ. ಮೈತುಂಬ ಪಾಚಿ ಹೊತ್ತ ಗಿಡ್ಡ ಮರಗಳು ಹಾದುಹೋಗುವ ಮಂಜನ್ನು ಎಲೆಗಳಲ್ಲಿ ತಡೆದು ನೀರಾಗಿ ಇಳಿಸಿಕೊಳ್ಳುತ್ತಿರುತ್ತವೆ. ಬಯಲಿನಲ್ಲಿ ಮಡಚಿಟ್ಟ ಕೊಡೆಯನ್ನು ಮರದಡಿಯಲ್ಲಿ ಬಿಚ್ಚಬೇಕಾದ ಜಾಗವಿದು.

ಹಾಗೆ ಇಳಿದ ನೀರನ್ನು, ಮಳೆಗಾಲದ ನೀರಿನೊಂದಿಗೆ, ಹುಲ್ಲಿನ ಬೇರೂ ಕೊಳೆತ ತರಗೆಲೆಯೂ ಹಿಡಿದಿಟ್ಟುಕೊಂಡು ಬೇಸಿಗೆಯಲ್ಲಿ ಸ್ವಲ್ಪಸ್ವಲ್ಪವೇ ಬಿಡುತ್ತವೆ. ಇದೇ ಕಾಡಿನ ಗಂಗಾಮೂಲದಲ್ಲಿ ಹುಟ್ಟುವ ಮೂರು ನದಿಗಳಲ್ಲಿ ನೇತ್ರಾವತಿ ಮಂಗಳೂರಿಗೆ ಇಳಿದು, ಕಡಲಿನಿಂದ ಬಂದದ್ದನ್ನು ಆ ಕಡಲಿಗೇ ಒಪ್ಪಿಸುತ್ತಾಳೆ. ತುಂಗೆ, ಭದ್ರೆಯರದು ಬೇರೆ ವ್ಯವಹಾರ: ಕೂಡಲಿಯಲ್ಲಿ ಒಂದಾಗಿ, ಕೃಷ್ಣೆಯನ್ನು ಸೇರಿ, ಪಶ್ಚಿಮದಲ್ಲಿ ಮಾಡಿದ ಸಾಲವನ್ನು ಪೂರ್ವದ ಬಂಗಾಳ ಕೊಲ್ಲಿಯಲ್ಲಿ ತೀರಿಸುತ್ತಾರೆ. ಇಂಥ ನೆಲವನ್ನು 1987ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿಸಿದ ಮೇಲೂ ಪಕ್ಕದಲ್ಲೇ ಕಬ್ಬಿಣದ ಅದಿರಿನ ಗಣಿ ನಡೆದೇ ಇತ್ತು. ಅದು ನಿಲ್ಲಲು ಸುಪ್ರೀಂ ಕೋರ್ಟಿನ ಆದೇಶವೂ 2005ರ ಕೊನೆಯೂ ಬರಬೇಕಾಯಿತು.

ಮಂಜಿನಲ್ಲಿ ಕಣ್ಣಿಗೆ ಕೆಲಸ ಕಡಿಮೆಯಾದಾಗ ಕಿವಿ ಚುರುಕಾಗುತ್ತದೆ. ಎಲ್ಲೋ ತೊರೆಯ ಬದಿಯಲ್ಲಿ, ದಾರಿ ಮರೆತ ಹುಡುಗನೊಬ್ಬ ಉದಾಸೀನವಾಗಿ ಸಿಳ್ಳೆ ಹಾಕುತ್ತಿರುವಂತೆ ಕಡುನೀಲಿ ಬಣ್ಣದ ಹಕ್ಕಿಯೊಂದು ಹಾಡುತ್ತಿರುತ್ತದೆ. ಮಂಜಿನಿಂದ ಏನೂ ಅಡಚಣೆಯಿಲ್ಲದ ಜೀವವೆಂದರೆ ಉಂಬಳ, ಅಂದರೆ ರಕ್ತ ಹೀರುವ ಕಾಡುಜಿಗಣೆ. ನೆಲದ ಕಂಪನ, ನಮ್ಮ ಉಸಿರು, ಮೈಯ ಬಿಸಿ ಇಷ್ಟೇ ಅದಕ್ಕೆ ಸಾಕು. ಸುಣ್ಣ, ಉಪ್ಪು, ಹೊಗೆಸೊಪ್ಪು ಎಂದು ಮಲೆನಾಡಿನವರು ಹೇಳುವ ಮದ್ದುಗಳೆಲ್ಲ ನಿಜವೇ. ಆದರೆ ಎಲ್ಲಕ್ಕಿಂತ ದೊಡ್ಡ ಮದ್ದು ನಿಲ್ಲದೆ ನಡೆಯುವುದು. ನಿಂತು ಪ್ರಕೃತಿಯನ್ನು ಧ್ಯಾನಿಸಬೇಕೆನ್ನುವ ಕವಿಗಳು ಉಂಬಳವಿಲ್ಲದ ಕಾಡನ್ನು ಹುಡುಕಿಕೊಳ್ಳುವುದು ಒಳ್ಳೆಯದು.

ಇಳಿಯುವಾಗ, ಏದುಸಿರು ಬಿಡುತ್ತ ಎದುರಾಗುವ ಗುಂಪುಗಳೆಲ್ಲ ದಾರಿ ಕಟ್ಟಿ ಕೇಳುವುದು ಒಂದೇ ಪ್ರಶ್ನೆ: "ಮೇಲೆ ವ್ಯೂ ಇದೆಯಾ ಸರ್?" ಇಲ್ಲವೆಂದರೆ ನಂಬದೆ ನಮ್ಮ ಗೈಡನ್ನು ಕೇಳುತ್ತಾರೆ. ಆತ "ಗಾಳಿ ಬೀಸಿದ್ರೆ ಕಾಣ್ಬಹುದು ಸರ್" ಎಂದು ಸಮಾಧಾನ ಹೇಳಿ ಮುಗಿಸುವಷ್ಟರಲ್ಲಿ ಅವರ ಬೂಟುಗಳ ಮೇಲೆ ಉಂಬಳಗಳು ಹತ್ತಿಬಿಟ್ಟಿರುತ್ತವೆ.